ಕುಸ್ತಿ ಬಿಟ್ಟು ಜಿಯು-ಜಿಟ್ಸು ಹಿಡಿಯಬೇಕಾ? ತಂಗಿ ಎಂಎಂಎ ಆಡ್ತೀನಿ ಅಂತಿದ್ದಾಳೆ

ಹಳಿಯಾಳದ ಅಣ್ಣ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ವಾರದಿಂದ ಇದೇ ಮಾತು. ಬಲ್ಲವರು ಯಾರಾದರೂ ದಾರಿ ಹೇಳಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತಂಗಿಗೆ 18 ವರ್ಷ. ಹತ್ತು ವರ್ಷದವಳಿದ್ದಾಗ ಅಪ್ಪನ ಹಿಂದೆ ಗರಡಿಗೆ ಹೋದವಳು ಅಲ್ಲೇ ಕುಸ್ತಿ ಹಿಡಿದಳು. ಆಮೇಲೆ ಕ್ರೀಡಾ ಹಾಸ್ಟೆಲ್ ಸೇರಿ ಮ್ಯಾಟ್ ಕುಸ್ತಿ ಕಲಿತಳು. ರಾಜ್ಯ ಮಟ್ಟದಲ್ಲಿ ಎರಡು ಪದಕ ಇವೆ. ಈಗ ಪಿಯುಸಿ ಮುಗಿಸಿ ಡಿಗ್ರಿಗೆ ಬೆಂಗಳೂರಿಗೆ ಬಂದಿದ್ದಾಳೆ, ನನ್ನ ಜೊತೆಗೇ ಇದ್ದಾಳೆ. ಕುಸ್ತಿಯಿಂದ ಬಂದ ರಿತು ಫೋಗಟ್ ಆಡಿದ್ದನ್ನು ನೋಡಿದಾಗಿನಿಂದ ಎಂಎಂಎ ಹುಚ್ಚು, ಅದೇ ಗುದ್ದು, ಒದೆ, ಕುಸ್ತಿ, ಲಾಕ್ ಎಲ್ಲಾ ಇರುವ ಮಿಶ್ರ ಕಾಳಗ.

ಹೋದ ಭಾನುವಾರ ಇಲ್ಲಿನ ಒಂದು ಜಿಮ್‌ಗೆ ಕರೆದುಕೊಂಡು ಹೋದೆ. ಅಲ್ಲಿನ ಕೋಚ್ ಇವಳನ್ನು ಒಬ್ಬ ಹುಡುಗಿಯ ಜೊತೆ ಬಿಟ್ಟರು. ಆ ಹುಡುಗಿ ಇವಳಿಗಿಂತ ತೂಕದಲ್ಲಿ ಕಡಿಮೆ, ಜಿಯು-ಜಿಟ್ಸುವಿನಲ್ಲಿ (ನೆಲದ ಮೇಲೆ ಕುತ್ತಿಗೆ ಹಿಸುಕಿ, ಕೈಕಾಲು ತಿರುಚಿ ಸೋಲಿಸುವ ವಿದ್ಯೆ) ನೀಲಿ ಬೆಲ್ಟ್, ಅಂದರೆ ಬಿಳಿಯ ನಂತರದ ಮಟ್ಟ. ತಂಗಿ ಅವಳನ್ನು ಐದು ಸಲ ಎತ್ತಿ ಕೆಡವಿದಳು. ಐದು ಸಲವೂ ಕೆಡವಿದ ಅರ್ಧ ನಿಮಿಷದಲ್ಲಿ ಇವಳ ಕುತ್ತಿಗೆಯೋ ಕೈಯೋ ಸಿಕ್ಕಿಬಿದ್ದು ಇವಳೇ ಟ್ಯಾಪ್ ಮಾಡಿದಳು, ಅಂದರೆ ಕೈ ತಟ್ಟಿ ಸೋಲು ಒಪ್ಪಿದಳು. ಕೊನೆಗೆ ಕೋಚ್, "ಕುಸ್ತಿಯ ಅಭ್ಯಾಸ ಎಲ್ಲಾ ಮರೀಬೇಕು, ಒಂದು ವರ್ಷ ಬರೀ ಜಿಯು-ಜಿಟ್ಸು ಮಾಡು" ಅಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ ಅವಳು.

ಅಪ್ಪನಿಗೆ ಫೋನ್ ಮಾಡಿದೆ. ಅವರು ಹಳೇ ಪೈಲ್ವಾನ್. ಅವರಿಗೆ ಸಿಟ್ಟೇ ಬಂತು. "ಬೆನ್ನು ಮಣ್ಣಿಗೆ ಹತ್ತಿದರೆ ಕುಸ್ತಿ ಮುಗೀತು. ಬೇಕಂತಲೇ ಬೆನ್ನ ಮೇಲೆ ಮಲಗಿ ಗೆಲ್ಲೋದು ಯಾವ ವಿದ್ಯೆ? ಎಂಟು ವರ್ಷದ ಸಾಮು ಮರೆಯೋದು ಅಂದ್ರೇನು?" ಅಂತ ಕೇಳಿದರು. ನನಗೆ ಉತ್ತರ ಗೊತ್ತಿಲ್ಲ. ಎಂಎಂಎಗೆ ಬುನಾದಿ ಯಾವುದು? ಕುಸ್ತಿಯಾ, ಜಿಯು-ಜಿಟ್ಸುನಾ?

ನೀಲಿ ಬೆಲ್ಟ್

ಅಣ್ಣಾ, ಆ ಕೋಚ್ ಹೇಳಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ನಾನು ನಾಲ್ಕು ವರ್ಷದಿಂದ ಜಿಯು-ಜಿಟ್ಸು ಮಾಡುತ್ತಿದ್ದೇನೆ.

ಈ ಆಟ ಶುರುವಾದದ್ದೇ ಜಿಯು-ಜಿಟ್ಸು ಏನು ಅಂತ ತೋರಿಸೋಕೆ. 1993ರ ನವೆಂಬರ್ 12, ಅಮೆರಿಕದ ಡೆನ್ವರ್, ಎಂಎಂಎಯ ದೊಡ್ಡ ಸ್ಪರ್ಧೆಯಾದ ಯುಎಫ್‌ಸಿ ಮೊದಲ ಸಲ ನಡೆಯಿತು. ತೂಕದ ವಿಭಾಗ ಇರಲಿಲ್ಲ. ಜಿಯು-ಜಿಟ್ಸುವಿನ ರಾಯ್ಸ್ ಗ್ರೇಸಿ ಸುಮಾರು 80 ಕೆಜಿಯ ಸಣಕಲು ಮನುಷ್ಯ. ಒಂದೇ ರಾತ್ರಿ ಮೂರು ಜನರನ್ನು ಸೋಲಿಸಿದ. ಒಬ್ಬ ಬಾಕ್ಸರ್, ಇನ್ನೊಬ್ಬ ಕೆನ್ ಶ್ಯಾಮ್ರಾಕ್, ಫೈನಲ್‌ನಲ್ಲಿ ಜೆರಾರ್ಡ್ ಗೋರ್ಡೋ. ಒಬ್ಬರ ಮೇಲೂ ಗುದ್ದಿನ ಮಳೆ ಸುರಿಸಲಿಲ್ಲ. ಹಿಡಿದ, ಮಲಗಿಸಿದ, ಸೋಲು ಒಪ್ಪಿಸಿದ.

ನಿಮ್ಮ ತಂದೆಯವರ ಪ್ರಶ್ನೆಗೆ ಉತ್ತರ 1994ರ ಡಿಸೆಂಬರ್‌ನಲ್ಲಿದೆ. ನಾಲ್ಕನೇ ಯುಎಫ್‌ಸಿಯ ಫೈನಲ್. ಎದುರಿಗೆ ಡ್ಯಾನ್ ಸೆವರ್ನ್, ಭಾರೀ ಕುಸ್ತಿಪಟು, 115 ಕೆಜಿಗೂ ಜಾಸ್ತಿ. ಸೆವರ್ನ್ ರಾಯ್ಸ್‌ನನ್ನು ಕೆಡವಿ ಹದಿನೈದು ನಿಮಿಷ ಮೇಲೆಯೇ ಇದ್ದ. ನಿಮ್ಮ ಅಪ್ಪನ ಲೆಕ್ಕದಲ್ಲಿ ರಾಯ್ಸ್ ಮೊದಲ ನಿಮಿಷದಲ್ಲೇ ಸೋತಿದ್ದ. ಆದರೆ ಕೆಳಗೆ ಮಲಗಿದ್ದವನು ಕಾಲುಗಳನ್ನು ಮೇಲೆತ್ತಿ ಸೆವರ್ನ್‌ನ ಕುತ್ತಿಗೆಗೆ ಟ್ರಯಾಂಗಲ್ ಹಾಕಿದ, ಅಂದರೆ ಕಾಲುಗಳ ನಡುವೆ ಸಿಕ್ಕಿಸಿ ಹಿಸುಕಿದ. ಸೆವರ್ನ್ ಟ್ಯಾಪ್ ಮಾಡಿದ. ಅದೇ ಅಣ್ಣಾ ಆ ವಿದ್ಯೆ.

ಗರಡಿ ಮಣ್ಣು

1994ಕ್ಕೇ ನಿಂತುಬಿಟ್ಟರೆ ಹೇಗೆ? ಮುಂದಿನದ್ದೂ ಹೇಳಿ.

ಅದೇ ಸೆವರ್ನ್ ನಾಲ್ಕೇ ತಿಂಗಳಲ್ಲಿ, 1995ರ ಏಪ್ರಿಲ್‌ನಲ್ಲಿ, ಐದನೇ ಯುಎಫ್‌ಸಿ ಟೂರ್ನಿ ಗೆದ್ದ. 1996ರಲ್ಲಿ ಮಾರ್ಕ್ ಕೋಲ್ಮನ್ ಬಂದ. ಅವನು 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಆಡಿದ ಕುಸ್ತಿಪಟು. ಕೆಡವುವುದು, ಮೇಲೆ ಕೂರುವುದು, ಎದುರಾಳಿಯ ಕಾಲುಗಳ ನಡುವೆ ಇದ್ದುಕೊಂಡೇ ಗುದ್ದುವುದು. ಎರಡು ಟೂರ್ನಿ ಗೆದ್ದ, 1997ರಲ್ಲಿ ಮೊದಲ ಹೆವಿವೇಟ್ ಚಾಂಪಿಯನ್ ಆದ. ಆಮೇಲೆ ರ‍್ಯಾಂಡಿ ಕೋಚರ್, ಮ್ಯಾಟ್ ಹ್ಯೂಸ್, ಕೇನ್ ವೆಲಾಸ್ಕೆಜ್, ಡೇನಿಯಲ್ ಕೋರ್ಮಿಯೆ, ಕಮಾರು ಉಸ್ಮಾನ್. ಎಲ್ಲರೂ ಕುಸ್ತಿಯಿಂದ ಬಂದವರು. ಹೆನ್ರಿ ಸೆಹೂಡೊ 2008ರ ಬೀಜಿಂಗ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದು ಆಮೇಲೆ ಯುಎಫ್‌ಸಿಯಲ್ಲಿ ಎರಡು ತೂಕಗಳಲ್ಲಿ ಚಾಂಪಿಯನ್ ಆದವನು.

ರಾಯ್ಸ್ ಗ್ರೇಸಿಗೇ ಏನಾಯಿತು ನೋಡಿ. 2006ರ ಮೇ ತಿಂಗಳು, ಲಾಸ್ ಏಂಜಲೀಸ್. ಮ್ಯಾಟ್ ಹ್ಯೂಸ್ ಅವನನ್ನು ಮೊದಲ ಸುತ್ತಿನಲ್ಲೇ ಮುಗಿಸಿದ. ನೆಲದ ಮೇಲೆ, ರಾಯ್ಸ್‌ನ ಸ್ವಂತ ಮನೆಯಲ್ಲೇ.

ನನ್ನ ಮಾತು ಇಷ್ಟೇ. ಕಾಳಗ ನಿಂತು ನಡೆಯಬೇಕಾ, ನೆಲದಲ್ಲಿ ನಡೆಯಬೇಕಾ ಅನ್ನೋದನ್ನು ಕುಸ್ತಿಯವನು ತೀರ್ಮಾನ ಮಾಡುತ್ತಾನೆ. ಜಿಯು-ಜಿಟ್ಸು ಎಷ್ಟೇ ಗೊತ್ತಿರಲಿ, ಎದುರಾಳಿಯನ್ನು ನೆಲಕ್ಕೆ ತರೋಕೆ ಆಗದಿದ್ದರೆ ಅದನ್ನು ಯಾರ ಮೇಲೆ ತೋರಿಸುತ್ತೀರಿ? ಡೆಮಿಯನ್ ಮಾಯಾ ಜಿಯು-ಜಿಟ್ಸುವಿನಲ್ಲಿ ದೊಡ್ಡ ಹೆಸರು. 2017ರ ಜುಲೈನಲ್ಲಿ ಟೈರನ್ ವುಡ್ಲಿ ಜೊತೆ ಚಾಂಪಿಯನ್‌ಶಿಪ್ ಆಡಿದ. ಐದು ಸುತ್ತುಗಳಲ್ಲಿ ಇಪ್ಪತ್ತಕ್ಕೂ ಜಾಸ್ತಿ ಸಲ ಕೆಡವಲು ನುಗ್ಗಿದ. ಒಂದು ಸಲವೂ ಆಗಲಿಲ್ಲ. ವುಡ್ಲಿ ಮಿಸೌರಿ ವಿಶ್ವವಿದ್ಯಾಲಯದ ಕುಸ್ತಿಪಟು.

ತಂಗಿಗೆ ಹೇಳಿ, ಎಂಟು ವರ್ಷದ ಬೆವರು ಸುಮ್ನೆ ಹೋಗಿಲ್ಲ.

ನೀಲಿ ಬೆಲ್ಟ್

ಮಾಯಾ ಹೆಸರು ಎತ್ತಿದಿರಲ್ಲ, ಅದರ ಮುಂದಿನದ್ದನ್ನೂ ನಾನೇ ಹೇಳುತ್ತೇನೆ. 2019ರ ಅಕ್ಟೋಬರ್, ಸಿಂಗಾಪುರ. ಮಾಯಾ ಎದುರಿಗೆ ಬೆನ್ ಆಸ್ಕ್ರೆನ್. ಅವನೂ ಮಿಸೌರಿಯವನೇ, ಎರಡು ಸಲ ಅಮೆರಿಕದ ಕಾಲೇಜು ಚಾಂಪಿಯನ್, 2008ರ ಒಲಿಂಪಿಕ್ಸ್ ಆಡಿದವನು. ಕುಸ್ತಿಯಲ್ಲಿ ವುಡ್ಲಿಗಿಂತ ಒಂದು ಕೈ ಮೇಲೆ. ಮೂರನೇ ಸುತ್ತಿನಲ್ಲಿ ಮಾಯಾ ಅವನ ಬೆನ್ನು ಹತ್ತಿ ಕುತ್ತಿಗೆ ಹಿಸುಕಿ ಗೆದ್ದ.

ಇನ್ನೊಂದು, 2010ರ ಆಗಸ್ಟ್. ಚೇಲ್ ಸೋನೆನ್ ಒಳ್ಳೆಯ ಕುಸ್ತಿಪಟು. ಆ್ಯಂಡರ್ಸನ್ ಸಿಲ್ವಾನನ್ನು ನಾಲ್ಕು ಸುತ್ತು ಪೂರ್ತಿ ನೆಲಕ್ಕೆ ಒತ್ತಿ ಹೊಡೆದ. ಐದನೇ ಸುತ್ತಿನಲ್ಲಿ ಎರಡು ನಿಮಿಷ ಬಾಕಿ. ಗೆದ್ದೇಬಿಟ್ಟ ಅಂತ ಎಲ್ಲರೂ ಅಂದುಕೊಂಡಿದ್ದರು. ಕೆಳಗಿದ್ದ ಸಿಲ್ವಾ ಟ್ರಯಾಂಗಲ್ ಹಾಕಿ ಕೈಯನ್ನೂ ಎಳೆದ, ಸೋನೆನ್ ಟ್ಯಾಪ್. 23 ನಿಮಿಷದ ದುಡಿಮೆ ಒಂದು ಕ್ಷಣದಲ್ಲಿ ಹೋಯಿತು.

ಗರಡಿ ಮಣ್ಣು

ಸೋನೆನ್ ವಿಷಯ ಒಪ್ಪುತ್ತೇನೆ. ಆದರೆ ಒಬ್ಬ ಸಿಲ್ವಾ ಗೆದ್ದ ಅಂತ ಎಲ್ಲರಿಗೂ ಕೆಳಗೆ ಮಲಗಿ ಅಂತ ಹೇಳೋಕೆ ಆಗಲ್ಲ. ಅವನಿಗೆ ನಾಲ್ಕು ಸುತ್ತು ಏಟು ಬಿದ್ದದ್ದನ್ನೂ ಲೆಕ್ಕ ಹಿಡಿಯಿರಿ.

ಮ್ಯಾಟ್ ಅಕ್ಕ

ನಾನು ವಿಶ್ವವಿದ್ಯಾಲಯ ಮಟ್ಟದವರೆಗೆ ಕುಸ್ತಿ ಆಡಿ, 24ನೇ ವಯಸ್ಸಿನಲ್ಲಿ ಜಿಯು-ಜಿಟ್ಸು ಶುರು ಮಾಡಿದವಳು. ಈಗ ನೇರಳೆ ಬೆಲ್ಟ್, ಮಕ್ಕಳಿಗೆ ಹೇಳಿಕೊಡುತ್ತೇನೆ. ನಿಮ್ಮ ತಂಗಿಗೆ ಆ ಭಾನುವಾರ ಆದದ್ದು ನನಗೆ ಆರು ತಿಂಗಳು ಆಯಿತು. ಹಾಗಾಗಿ ದೊಡ್ಡ ದೊಡ್ಡ ಹೆಸರು ಬಿಟ್ಟು, ಅವಳ ಕುತ್ತಿಗೆ ಯಾಕೆ ಸಿಕ್ಕಿತು ಅನ್ನೋದನ್ನು ಹೇಳುತ್ತೇನೆ.

ಕುಸ್ತಿಯಲ್ಲಿ ನಮಗೆ ಮೊದಲ ದಿನದಿಂದ ಕಲಿಸುವುದು ಬೆನ್ನು ಮ್ಯಾಟ್‌ಗೆ ತೋರಿಸಬೇಡ ಅಂತ. ಬೆನ್ನು ಮ್ಯಾಟ್ ಕಡೆ ತಿರುಗಿದರೆ ಪಾಯಿಂಟ್ ಹೋಗುತ್ತದೆ, ಎರಡೂ ಭುಜ ತಾಗಿದರೆ ಆಟವೇ ಮುಗಿಯಿತು. ಅದಕ್ಕೇ ಯಾರಾದರೂ ಕೆಡವಿದರೆ ಯೋಚನೆ ಮಾಡದೆ ಹೊಟ್ಟೆ ಅಡಿಗೆ ಹಾಕಿ ಮಲಗುತ್ತೇವೆ. ಅಂಟಿಕೊಂಡು ಬಿದ್ದಿದ್ದರೆ ಸಾಕು, ಸ್ವಲ್ಪ ಹೊತ್ತಿಗೆ ರೆಫರಿ ಎಬ್ಬಿಸಿ ನಿಲ್ಲಿಸುತ್ತಾರೆ. ಎಂಎಂಎಯಲ್ಲಿ ಹೊಟ್ಟೆ ಅಡಿಗೆ ಹಾಕಿ ಮಲಗೋದು ಅಂದರೆ ಎದುರಾಳಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು ಕುತ್ತಿಗೆ ಒಪ್ಪಿಸೋದು. ಕುಸ್ತಿಯಲ್ಲಿ ಜೀವ ಉಳಿಸುವ ಅಭ್ಯಾಸ ಇಲ್ಲಿ ಜೀವ ತೆಗೆಯುತ್ತದೆ. ಆಸ್ಕ್ರೆನ್‌ಗೂ ಕೊನೆಗೆ ಬಂದ ಗತಿ ಇದೇ, ಬೆನ್ನು ಹೋಯಿತು, ಕುತ್ತಿಗೆ ಹೋಯಿತು.

ಎರಡನೆಯದು ತಲೆ. ಕಾಲಿಗೆ ನುಗ್ಗುವಾಗ ನಾವು ತಲೆ ಬಗ್ಗಿಸಿ ಎದುರಾಳಿಯ ಪಕ್ಕೆಯ ಹೊರಗಡೆ ಹಾಕುತ್ತೇವೆ. ಕುಸ್ತಿಯಲ್ಲಿ ಕತ್ತು ಹಿಸುಕುವ ಹಾಗಿಲ್ಲ, ಹಾಗಾಗಿ ಭಯ ಇಲ್ಲ. ಇಲ್ಲಿ ಅವರು ಒಂದು ಕೈಯಲ್ಲಿ ಕುತ್ತಿಗೆ ಸುತ್ತಿ ಗಿಲಟಿನ್ ಹಾಕುತ್ತಾರೆ. ನೀವು ಎತ್ತಿ ಕೆಡವಿದಷ್ಟೂ ಅದು ಬಿಗಿಯಾಗುತ್ತದೆ. ಭಾರತದಿಂದ ಯುಎಫ್‌ಸಿಗೆ ಹೋದ ಮೊದಲ ಹೋರಾಟಗಾರ ಭರತ್ ಖಂಡಾರೆ ಕುಸ್ತಿಯ ಹಿನ್ನೆಲೆಯವರು. 2017ರ ನವೆಂಬರ್‌ನಲ್ಲಿ ಶಾಂಘೈನಲ್ಲಿ ಸಾಂಗ್ ಯಾಡಾಂಗ್ ಎದುರು ಮೊದಲ ಸುತ್ತಿನಲ್ಲೇ ಸೋತರು. ಯಾವುದರಿಂದ ಗೊತ್ತಾ? ಗಿಲಟಿನ್.

ಮೂರನೆಯದು ಕೈ. ಮೇಲೆ ಬಂದ ಕೂಡಲೇ ನಾವು ಎರಡೂ ಕೈ ನೆಲಕ್ಕೆ ಊರಿ ಒತ್ತುತ್ತೇವೆ. ಕೆಳಗಿನವರಿಗೆ ಅದೇ ಬೇಕು. ಊರಿದ ಕೈ ಅಂದರೆ ಎಳೆಯೋಕೆ ಸಿದ್ಧವಾಗಿರುವ ಕೈ. ನಿಮ್ಮ ತಂಗಿ ಮೆಚ್ಚುವ ರಿತು ಫೋಗಟ್ ಕಾಮನ್‌ವೆಲ್ತ್ ಕುಸ್ತಿ ಚಾಂಪಿಯನ್ ಆಗಿದ್ದವರು. 2019ರಲ್ಲಿ ಎಂಎಂಎಗೆ ಬಂದು ಮೊದಲ ನಾಲ್ಕೂ ಗೆದ್ದರು. 2021ರ ಡಿಸೆಂಬರ್‌ನಲ್ಲಿ ಸಿಂಗಾಪುರದಲ್ಲಿ ಏಷ್ಯಾದ ಎಂಎಂಎ ಸಂಸ್ಥೆ ವನ್ ಚಾಂಪಿಯನ್‌ಶಿಪ್‌ನ ಗ್ರ್ಯಾಂಡ್ ಪ್ರಿ ಫೈನಲ್. ಎದುರಾಳಿ ಸ್ಟ್ಯಾಂಪ್ ಫೇರ್‌ಟೆಕ್ಸ್, ಥಾಯ್ಲೆಂಡಿನ ಗುದ್ದು ಒದೆಯ ಆಟ ಮುಯ್ ಥಾಯ್‌ನಿಂದ ಬಂದವಳು. ಕುಸ್ತಿಯವಳಲ್ಲ, ಮೂಲದಲ್ಲಿ ಜಿಯು-ಜಿಟ್ಸುವಿನವಳೂ ಅಲ್ಲ. ಎರಡನೇ ಸುತ್ತಿನಲ್ಲಿ ರಿತು ಸೋತದ್ದು ಆರ್ಮ್‌ಬಾರ್‌ಗೆ, ಅಂದರೆ ಕೈ ಎಳೆದು ಮೊಣಕೈ ಹಿಂದಕ್ಕೆ ಬಗ್ಗಿಸುವ ಲಾಕ್‌ಗೆ. ಒದೆಯುವ ಹುಡುಗಿ ನೆಲದ ವಿದ್ಯೆಯನ್ನು ಬೇಕಾದಷ್ಟು ಕಲಿತುಕೊಂಡು ಬಂದಿದ್ದಳು. ನಾನು ಆ ಆಟವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಸಂಕಟ ಆಗುತ್ತದೆ.

ಈಗ ಆ ಕೋಚ್ ಮಾತಿಗೆ ಬರುತ್ತೇನೆ. "ಕುಸ್ತಿ ಮರೀಬೇಕು" ಅಂದದ್ದು ತಪ್ಪು, ಪೂರ್ತಿ ತಪ್ಪು. ಮರೆಯಬೇಕಾದ್ದು ನಾನು ಹೇಳಿದ ಈ ಮೂರು ಅಭ್ಯಾಸ. ಬಾಕಿ ಎಲ್ಲಾ ಬಂಗಾರ. ಆ ನೀಲಿ ಬೆಲ್ಟ್ ಹುಡುಗಿಯನ್ನು ಐದಕ್ಕೆ ಐದು ಸಲ ಕೆಡವಿದಳಲ್ಲ, ಅದನ್ನು ಯಾಕೆ ಯಾರೂ ಮಾತಾಡುತ್ತಿಲ್ಲ? ಆ ನುಗ್ಗುವಿಕೆ, ಸೊಂಟದ ಬಲ, ಮೈಗೆ ಮೈ ಒತ್ತಿ ಉಸಿರು ಕಟ್ಟಿಸುವುದು, ಇವು ಚಿಕ್ಕವಯಸ್ಸಿನಲ್ಲಿ ಸಾವಿರಾರು ಸಲ ಮಾಡಿ ಬಂದವು. ದೊಡ್ಡವರಾದ ಮೇಲೆ ಕಲಿಯೋದು ಬಹಳ ಕಷ್ಟ. ಕುತ್ತಿಗೆ ಉಳಿಸಿಕೊಳ್ಳೋದು ಆರು ತಿಂಗಳಲ್ಲಿ ಬರುತ್ತದೆ. ನನಗೆ ಬಂತು.

ಹಳಿಯಾಳದ ಅಣ್ಣ

ಅಕ್ಕಾ, ತಂಗಿಗೆ ಇದನ್ನು ಓದಿ ಹೇಳಿದೆ. "ಹೌದು, ಕೈ ಊರಿದ್ದೆ, ಪ್ರತಿ ಸಲ ಊರಿದ್ದೆ" ಅಂದಳು. ಒಂದು ವಾರದ ನಂತರ ಅವಳ ಬಾಯಿಂದ ಈ ವಿಷಯ ಬಂದದ್ದು ಇದೇ ಮೊದಲು.

ಗಿಲಟಿನ್ ಬಿದ್ದ ಮೇಲೆ ಏನು ಮಾಡಬೇಕು ಅಂತ ಕೇಳುತ್ತಿದ್ದಾಳೆ.

ಮ್ಯಾಟ್ ಅಕ್ಕ

ಮೊದಲು ಅವರ ಮಣಿಕಟ್ಟು ಹಿಡಿಯಲಿ, ಗದ್ದ ಎದೆಗೆ ಒತ್ತಲಿ. ತಲೆ ಒಂದು ಕಡೆ ಸಿಕ್ಕಿದ್ದರೆ ಮೈ ಅದರ ಎದುರು ಕಡೆಗೆ ಹೋಗಬೇಕು. ಅವರ ಕಾಲುಗಳ ನಡುವೆ ಮಾತ್ರ ಉಳಿಯಬಾರದು. ಎಳೆದು ಬಿಡಿಸಿಕೊಳ್ಳೋಕೆ ಹೋಗಬಾರದು, ಭುಜದಿಂದ ಅವರ ಗಂಟಲ ಮೇಲೆ ಭಾರ ಹಾಕಬೇಕು. ಇದಕ್ಕೆ ಮುಂಚೆ, ಕಾಲಿಗೆ ನುಗ್ಗುವಾಗಲೇ ತಲೆ ಎದುರಾಳಿಯ ಎದೆಗೆ ಒತ್ತಿ ಒಳಗಡೆ ಇರಲಿ, ಕಣ್ಣು ಮೇಲಕ್ಕೆ ಇರಲಿ. ಬರಹದಲ್ಲಿ ಇಷ್ಟೇ ಸಾಧ್ಯ. ಒಬ್ಬರ ಕೈಯಲ್ಲಿ ಕುತ್ತಿಗೆ ಕೊಟ್ಟು ನಿಧಾನಕ್ಕೆ ಮಾಡಿಯೇ ಕಲಿಯಬೇಕು.

ಕೇಜ್ ಪಕ್ಕ

ನಾನು ಅಮೆಚೂರ್ ಆಟಗಳಲ್ಲಿ ಹುಡುಗರಿಗೆ ಸಲಹೆ ಕೊಡೋಕೆ ಅವರ ಕಾರ್ನರ್‌ನಲ್ಲಿ ನಿಲ್ಲುತ್ತೇನೆ. ಇಲ್ಲಿಯವರೆಗೆ ಯಾರೂ ಹೇಳದ ಎರಡು ವಿಷಯ ಇವೆ. ಒಂದು ಗೋಡೆ, ಇನ್ನೊಂದು ಜಡ್ಜ್‌ಗಳು.

ಗರಡಿಯಲ್ಲಿ ಗೋಡೆಗೆ ಒರಗಿ ಕುಸ್ತಿ ಆಡೋದಿಲ್ಲ. ಜಿಯು-ಜಿಟ್ಸು ಮ್ಯಾಟ್‌ನಲ್ಲೂ ಅಂಚಿಗೆ ಹೋದರೆ ನಡುವಿಗೆ ಕರೆಯುತ್ತಾರೆ. ಎಂಎಂಎ ಆಡುವ ಕೇಜ್‌ಗೆ ಸುತ್ತ ಜಾಲರಿಯ ಬೇಲಿ ಇರುತ್ತದೆ, ಅರ್ಧ ಆಟ ಆ ಬೇಲಿಯ ಬದಿಯಲ್ಲೇ ನಡೆಯುತ್ತದೆ. ಕೆಳಗೆ ಬಿದ್ದವರು ಬೇಲಿಯವರೆಗೆ ಜಾರಿ, ಬೆನ್ನು ಅದಕ್ಕೆ ಒತ್ತಿ, ಒಂದೊಂದೇ ಕಾಲು ಒಳಗೆ ಎಳೆದುಕೊಂಡು ಎದ್ದು ನಿಲ್ಲುತ್ತಾರೆ. ಈ ಎದ್ದು ನಿಲ್ಲುವ ವಿದ್ಯೆ ಇಲ್ಲದಿದ್ದರೆ ಎಷ್ಟೇ ಪದಕ ಇದ್ದರೂ ಕಷ್ಟ. ಇದು ಎರಡೂ ಕಡೆಯವರಿಗೆ ಹೊಸದಾಗಿ ಕಲಿಯಬೇಕಾದ್ದು. ಆದರೆ ನಾನು ನೋಡಿದ ಮಟ್ಟಿಗೆ ಕುಸ್ತಿಯವರು ಬೇಗ ಹಿಡಿಯುತ್ತಾರೆ. ಏಳಬೇಕು ಅನ್ನುವ ಹಟ ಅವರ ಮೈಯಲ್ಲೇ ಇರುತ್ತದೆ. ಜಿಯು-ಜಿಟ್ಸುವಿನವರಿಗೆ ಕೆಳಗೆ ಮಲಗಿದರೆ ಆರಾಮ ಅನಿಸುತ್ತದೆ, ಅಲ್ಲೇ ಉಳಿದುಬಿಡುತ್ತಾರೆ.

ಹಾಗೆ ಉಳಿದರೆ ಸುತ್ತು ಹೋಗುತ್ತದೆ. ಜಡ್ಜ್‌ಗಳು ಮೊದಲು ನೋಡುವುದು ಯಾರು ಹೆಚ್ಚು ಪೆಟ್ಟು ಕೊಟ್ಟರು, ಯಾರ ಹಿಡಿತ ಆಟವನ್ನು ಮುಗಿಸುವ ಹತ್ತಿರ ತಂದಿತು ಅಂತ. ಸುಮ್ನೆ ಕೆಡವಿ ಮೇಲೆ ಮಲಗಿದರೂ ಈಗ ಜಾಸ್ತಿ ಅಂಕ ಇಲ್ಲ, ಇದನ್ನು ಕುಸ್ತಿಯವರು ನೆನಪಿಡಬೇಕು. ಆದರೆ ಕೆಳಗಿದ್ದು ಹಿಡಿಯೋಕೆ ಪ್ರಯತ್ನಪಟ್ಟು ಸಿಗದೆ, ಮೇಲಿನವರಿಂದ ನಾಲ್ಕು ಮೊಣಕೈ ತಿಂದರೆ ಆ ಸುತ್ತು ಮೇಲಿನವರದೇ. ಸೆವರ್ನ್‌ನ ಕೆಳಗೆ ರಾಯ್ಸ್ ಹದಿನೈದು ನಿಮಿಷ ಕಾದ ಅಂದಿರಲ್ಲ, ಆಗ ಸಮಯದ ಮಿತಿ ಇರಲಿಲ್ಲ. ಮುಂದಿನ ಯುಎಫ್‌ಸಿಯಿಂದಲೇ ಮಿತಿ ಬಂತು. ಈಗ ಸಾಮಾನ್ಯ ಆಟ ಐದು ನಿಮಿಷದ ಮೂರು ಸುತ್ತು, ಚಾಂಪಿಯನ್‌ಶಿಪ್ ಆದರೆ ಐದು. ಹದಿನೈದು ನಿಮಿಷ ಅಂದರೆ ಸಾಮಾನ್ಯ ಆಟ ಪೂರ್ತಿ ಮುಗಿದು ಹೋಗುತ್ತದೆ. ಆಗ ರಾಯ್ಸ್ ಜೂಡೋದಂಥ ದಪ್ಪ ಉಡುಪು, ಗೀ ಕೂಡ ಹಾಕುತ್ತಿದ್ದ, ಬಟ್ಟೆಗೆ ಹಿಡಿತ ಇರುತ್ತದೆ. ಈಗ ಬರೀ ಮೈ, ಬೆವರು. ಕಾಲಲ್ಲಿ ಕಟ್ಟಿಹಾಕಿದವರು ಜಾರಿ ಹೋಗುತ್ತಾರೆ.

ದಮ್ಮಿನ ವಿಷಯವೂ ಇದೆ. ಫ್ರೀಸ್ಟೈಲ್ ಕುಸ್ತಿ ಮೂರು ನಿಮಿಷದ ಎರಡು ಭಾಗ. ಆರು ನಿಮಿಷಕ್ಕೆ ಎಲ್ಲಾ ಶಕ್ತಿ ಸುರಿಯೋದು ಅಭ್ಯಾಸ. ನಿಮ್ಮ ತಂಗಿಗೆ ಶುರುವಿನಲ್ಲಿ ಎರಡನೇ ಸುತ್ತಿನ ನಡುವೆ ಕೈ ಸೋಲುತ್ತದೆ. ಹೆದರುವುದು ಬೇಡ, ಎಲ್ಲರಿಗೂ ಆಗುತ್ತದೆ.

ಮಾಂಟ್ರಿಯಲ್ ಕನ್ನಡಿಗ

ಕೆನಡಾದಿಂದ ಎರಡು ಮಾತು. ನಮ್ಮ ಊರಿನ ಹೆಮ್ಮೆ ಯುಎಫ್‌ಸಿ ಚಾಂಪಿಯನ್ ಆಗಿದ್ದ ಜಾರ್ಜ್ ಸೇಂಟ್ ಪಿಯರ್. ಚಿಕ್ಕಂದಿನಲ್ಲಿ ಕಲಿತದ್ದು ಕರಾಟೆ. ಶಾಲೆ ಕಾಲೇಜಿನಲ್ಲಿ ಕುಸ್ತಿ ಆಡಿದವನೇ ಅಲ್ಲ. ದೊಡ್ಡವನಾದ ಮೇಲೆ ಇಲ್ಲಿನ ಕುಸ್ತಿಪಟುಗಳ ಜೊತೆ ಬೆವರು ಸುರಿಸಿ ಕಲಿತ. ಹಿಂದೆ ಅಮೆರಿಕದ ಕಾಲೇಜು ಕುಸ್ತಿ ಚಾಂಪಿಯನ್ ಆಗಿದ್ದ ಜಾಶ್ ಕಾಸ್ಚೆಕ್‌ನನ್ನೇ 2007ರಲ್ಲಿ ಕುಸ್ತಿಯಲ್ಲಿ ಕೆಡವಿ ಗೆದ್ದ. ಹಾಗಾಗಿ ಕುಸ್ತಿ ದೊಡ್ಡವರಾದ ಮೇಲೆ ಬರೋದಿಲ್ಲ ಅಂತ ಹೇಳೋಕೂ ಆಗಲ್ಲ. ಅವನು ಜಿಯು-ಜಿಟ್ಸುವಿನಲ್ಲೂ ಕಪ್ಪು ಬೆಲ್ಟ್. ಗುದ್ದಿನ ಹಿಂದೆ ಕೆಡವುವುದನ್ನು ಬಚ್ಚಿಡುತ್ತಿದ್ದ, ಅದು ಅವನ ಗುಟ್ಟು. ಬರೀ ಕುಸ್ತಿಯಲ್ಲಿ ಯಾರೂ ಮುಖಕ್ಕೆ ಗುದ್ದುವುದಿಲ್ಲ, ಬಗ್ಗಿದ ತಲೆಗೆ ಮೊಣಕಾಲು ಬರುವುದಿಲ್ಲ. ತಂಗಿ ಇದನ್ನೂ ಕಲಿಯಬೇಕು.

ಇನ್ನೊಬ್ಬ ಅರ್ಜನ್ ಭುಲ್ಲರ್. ಇಲ್ಲಿನ ಪಂಜಾಬಿ ಮನೆಯ ಹುಡುಗ. 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕೆನಡಾಕ್ಕೆ ಕುಸ್ತಿ ಚಿನ್ನ, 2012ರಲ್ಲಿ ಒಲಿಂಪಿಕ್ಸ್. ಯುಎಫ್‌ಸಿಗೆ ಬಂದ ಮೇಲೆ 2018ರ ಏಪ್ರಿಲ್‌ನಲ್ಲಿ ಸೋತ. ಕೆಳಗೆ ಬೆನ್ನ ಮೇಲೆ ಮಲಗಿದ್ದ ಎದುರಾಳಿ ಕಾಲಿನಿಂದ ಇವನ ಭುಜ ತಿರುಗಿಸುವ ಓಮೊಪ್ಲಾಟಾ ಹಾಕಿದ. ಅಷ್ಟು ದೊಡ್ಡ ಆಟದಲ್ಲಿ ಅದು ಸಿಗೋದೇ ಅಪರೂಪ. ಒಲಿಂಪಿಕ್ಸ್ ಆಡಿದ ಕುಸ್ತಿಪಟುವಿಗೆ ಸಿಕ್ಕಿತು ನೋಡಿ. ಅವನು ಬಿಡಲಿಲ್ಲ. 2021ರ ಮೇ ತಿಂಗಳಲ್ಲಿ ಬ್ರ್ಯಾಂಡನ್ ವೆರಾನನ್ನು ಎರಡನೇ ಸುತ್ತಿನಲ್ಲಿ ಮುಗಿಸಿ ವನ್ ಚಾಂಪಿಯನ್‌ಶಿಪ್‌ನ ಹೆವಿವೇಟ್ ಪಟ್ಟ ಗೆದ್ದ. ಗೆಲ್ಲುವ ಮೊದಲು ಮಾಡಿದ್ದು ಅದೇ ಹಳೇ ಕೆಲಸ, ಕೆಡವಿ ಮೇಲೆ ಕೂತದ್ದು.

ಮೈಸೂರು ಜೋಡಿ

ನನಗೆ 66 ವರ್ಷ. ಎಂಎಂಎ ಆಟ ಮೊಮ್ಮಗನ ಜೊತೆ ಕೂತು ನೋಡುತ್ತೇನೆ. ಹುಡುಗನಾಗಿದ್ದಾಗಿನಿಂದ ದಸರಾ ಕುಸ್ತಿಗೆ ಜೋಡಿ ಕಟ್ಟುವ ದಿನ ತಪ್ಪಿಸಿಕೊಂಡವನಲ್ಲ. ತಮ್ಮಾ, ನಿಮ್ಮ ತಂದೆಯವರ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಪೈಲ್ವಾನನಿಗೆ ಬೆನ್ನಿಗೆ ಹತ್ತಿದ ಮಣ್ಣು ಅಂದರೆ ಅವಮಾನ. ಆ ಮಣ್ಣನ್ನು ಒರೆಸಿಕೊಂಡು ಮನೆಗೆ ಬರುವುದು ಏನು ಅಂತ ಆಡಿದವರಿಗೇ ಗೊತ್ತು.

ಆದರೆ ಅವರಿಗೆ ಅಕ್ರಮ್ ಪೈಲ್ವಾನರ ಕಥೆ ನೆನಪು ಮಾಡಿ. ಗಾಮಾ ಪೈಲ್ವಾನರ ಹೆಸರು ಗೊತ್ತಿಲ್ಲದ ಗರಡಿ ಇಲ್ಲ. ಅವರ ತಮ್ಮ ಇಮಾಮ್ ಬಕ್ಷ್, ಇಮಾಮ್ ಬಕ್ಷರ ಮಗ ಅಕ್ರಮ್. 1976ರ ಡಿಸೆಂಬರ್‌ನಲ್ಲಿ ಕರಾಚಿಯಲ್ಲಿ ಜಪಾನಿನ ಆಂಟೋನಿಯೋ ಇನೋಕಿ ಜೊತೆ ಆಡಿದರು. ಇನೋಕಿ ಅವರ ತೋಳಿಗೆ ಲಾಕ್ ಹಾಕಿದ. ಅಕ್ರಮ್ ಸೋಲು ಒಪ್ಪಲಿಲ್ಲ. ತೋಳು ಹೋಯಿತು. ಅವರ ಮನೆತನದ ಕುಸ್ತಿ ಕಡಿಮೆಯದಲ್ಲ. ಆದರೆ ಆ ಒಂದು ಲಾಕ್‌ಗೆ ಅವರ ಬಳಿ ಉತ್ತರ ಇರಲಿಲ್ಲ.

ಹಾಗಂತ ಜಿಯು-ಜಿಟ್ಸುವಿನವರೂ ಬೀಗಬಾರದು. ರಾಯ್ಸ್‌ನ ತಂದೆ ಹೆಲಿಯೋ ಗ್ರೇಸಿ 1951ರಲ್ಲಿ ಬ್ರೆಜಿಲ್‌ನಲ್ಲಿ ಜೂಡೋದ ಕಿಮುರಾ ಜೊತೆ ಆಡಿ ಇಂಥದ್ದೇ ತೋಳಿನ ಲಾಕ್‌ಗೆ ಸೋತರು. ಅವರೂ ಟ್ಯಾಪ್ ಮಾಡಲಿಲ್ಲ, ಅಣ್ಣ ನಿಲ್ಲಿಸಿದರು. ಸೋತವರು ಏನು ಮಾಡಿದರು ಗೊತ್ತಾ? ಆ ಲಾಕ್‌ಗೆ ಗೆದ್ದವನ ಹೆಸರನ್ನೇ ಇಟ್ಟು ಕಲಿತರು. ಇವತ್ತಿಗೂ ಅದು ಕಿಮುರಾ.

ನಮ್ಮ ಅರಮನೆಯಲ್ಲಿ ವಿಜಯದಶಮಿಗೆ ಜಟ್ಟಿಗಳು ವಜ್ರಮುಷ್ಟಿ ಕಾಳಗ ಮಾಡುತ್ತಾರೆ. ತಲೆಯಿಂದ ಮೊದಲ ರಕ್ತ ಬಂದ ಕೂಡಲೇ ಮುಗಿಯಿತು. ಅಲ್ಲಿ ಬೆನ್ನು ನೆಲಕ್ಕೆ ತಾಗಿತಾ ಅಂತ ಯಾರೂ ನೋಡುವುದಿಲ್ಲ. ಸೋಲು ಎಲ್ಲಿದೆ ಅನ್ನೋದನ್ನು ಆಯಾ ಕಣವೇ ಹೇಳುತ್ತದೆ. ತಂದೆಯವರಿಗೆ ಹೀಗೆ ಹೇಳಿ ನೋಡಿ.

ಗರಡಿ ಮಣ್ಣು

ಯಜಮಾನರೇ, ಕಿಮುರಾ ಹೆಸರು ಹೀಗೆ ಬಂತು ಅಂತ ಗೊತ್ತಿರಲಿಲ್ಲ. ನಮಸ್ಕಾರ ನಿಮಗೆ.

ನೀಲಿ ಬೆಲ್ಟ್

ನಾನು ಮೊದಲು ಬರೆದದ್ದನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಅಕ್ಕ ಹೇಳಿದ ಮೇಲೆ ಯೋಚನೆ ಮಾಡಿದೆ. ನಮ್ಮ ಜಿಮ್‌ನಲ್ಲಿ ಹೆಚ್ಚಿನವರು ಕೂತುಕೊಂಡೇ ಶುರು ಮಾಡುತ್ತೇವೆ. ನಿಂತು ಕೆಡವುವುದನ್ನು ವಾರಕ್ಕೆ ಒಂದು ಸಲವೂ ಮಾಡಲ್ಲ. ಹ್ಯೂಸ್ ಆಟವನ್ನು ಮತ್ತೆ ನೋಡಿದೆ. ಅವನು ರಾಯ್ಸ್‌ನ ಕೈಯನ್ನೇ ಲಾಕ್‌ಗೆ ಎಳೆದಿದ್ದ, ಬೆನ್ನನ್ನೂ ಹತ್ತಿದ್ದ. ಅಂದರೆ ಕುಸ್ತಿಯವನು ಜಿಯು-ಜಿಟ್ಸು ಕಲಿತು ಬಂದಿದ್ದ.

ಇಸ್ಲಾಮ್ ಮಖಾಚೆವ್ 2022ರ ಅಕ್ಟೋಬರ್‌ನಲ್ಲಿ ಅಬುಧಾಬಿಯಲ್ಲಿ ಚಾರ್ಲ್ಸ್ ಒಲಿವೇರಾನನ್ನು ಸೋಲಿಸಿದ್ದೂ ಹಾಗೇ. ಯುಎಫ್‌ಸಿಯಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಎದುರಾಳಿಗಳಿಗೆ ಲಾಕ್ ಹಾಕಿ ಗೆದ್ದವನು ಒಲಿವೇರಾ. ಅವನನ್ನೇ ಎರಡನೇ ಸುತ್ತಿನಲ್ಲಿ ಕುತ್ತಿಗೆ ಹಿಸುಕಿ ಗೆದ್ದ ರಷ್ಯಾದ ದಾಗೆಸ್ತಾನದ ಈ ಹುಡುಗ. ಅಲ್ಲಿಯವನೇ ಆದ ಖಬೀಬ್ ನೂರ್‌ಮಗೊಮೆದೊವ್ 29 ಆಟ ಆಡಿ 29 ಗೆದ್ದ, ಕೊನೆಯ ಗೆಲುವು 2020ರಲ್ಲಿ ಟ್ರಯಾಂಗಲ್‌ನಿಂದ. ಅಲ್ಲಿ ಮಕ್ಕಳು ಕುಸ್ತಿಯಿಂದ ಶುರು ಮಾಡಿ ರಷ್ಯಾದ ಕಾಳಗ ವಿದ್ಯೆ ಸಾಂಬೋಗೆ ಬರುತ್ತಾರೆ, ಅದರಲ್ಲಿ ಲಾಕ್‌ಗಳೂ ಇವೆ. ಅವರು ಒಂದನ್ನು ಮರೆತು ಇನ್ನೊಂದನ್ನು ಕಲಿಯಲ್ಲ.

ಆದರೂ ಒಂದು ಮಾತಿಗೆ ನಾನು ಗಟ್ಟಿ. ಬೆನ್ನ ಮೇಲೆ ಬಿದ್ದಾಗ ಗಾಬರಿ ಆಗದೇ ಇರುವುದನ್ನು ಜಿಯು-ಜಿಟ್ಸು ಬಿಟ್ಟು ಬೇರೆ ಎಲ್ಲೂ ಇಷ್ಟು ಚೆನ್ನಾಗಿ ಕಲಿಸಲ್ಲ. ಯಾವತ್ತೋ ಒಂದು ದಿನ ನಿಮ್ಮ ತಂಗಿಗಿಂತ ಗಟ್ಟಿ ಕುಸ್ತಿಯವಳು ಎದುರಿಗೆ ಬಂದೇ ಬರುತ್ತಾಳೆ. ಆವತ್ತು ಕೆಳಗೆ ಬೀಳೋದು ಇವಳೇ.

ಕೇಜ್ ಪಕ್ಕ

ಇದನ್ನು ಪೂರ್ತಿ ಒಪ್ಪುತ್ತೇನೆ.

ಮ್ಯಾಟ್ ಅಕ್ಕ

ಅಣ್ಣಾ, ಕೆಲಸಕ್ಕೆ ಬರುವ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ವಾರಕ್ಕೆ ಮೂರು ದಿನ ಜಿಯು-ಜಿಟ್ಸು, ಅದರಲ್ಲಿ ಆದಷ್ಟು ಗೀ ಇಲ್ಲದ ಕ್ಲಾಸ್. ಎರಡು ದಿನ ಕುಸ್ತಿ, ಇದನ್ನು ಯಾವ ಕಾರಣಕ್ಕೂ ಬಿಡಬೇಡಿ. ಗುದ್ದು ಒದೆ ಕಲಿಯೋದನ್ನು ಎರಡು ಮೂರು ತಿಂಗಳ ನಂತರ ಸೇರಿಸಿ. ಮೊದಲ ವರ್ಷ ಕೇಜ್ ಆಟಕ್ಕೆ ಅವಸರ ಬೇಡ.

ಜಿಮ್ ಹುಡುಕುವಾಗ ಒಂದು ನೋಡಿ. ಅವಳ ತೂಕದ ಹುಡುಗಿಯರು ಇದ್ದಾರಾ? ಕುಸ್ತಿ ಬಲ್ಲವಳು ಅಂತ ಗೊತ್ತಾದ ಕೂಡಲೇ 80 ಕೆಜಿ ಹುಡುಗರ ಜೊತೆ ಬಿಡುವ ಜಾಗ ಬೇಡ. ನನ್ನ ಮೊಣಕಾಲು ಹೋದದ್ದು ಹಾಗೇ, ಎಂಟು ತಿಂಗಳು ಮ್ಯಾಟ್ ಹತ್ತಲಿಲ್ಲ. ಹಾಗೇ, ಮೊದಲ ಆರು ತಿಂಗಳು ಬೇಗ ಟ್ಯಾಪ್ ಮಾಡೋದು ಕಲಿಯಲಿ. ಗರಡಿಯ ಮಕ್ಕಳಿಗೆ ಇದೇ ಬಹಳ ಕಷ್ಟ. ಸೋಲು ಒಪ್ಪಬಾರದು ಅಂತ ಬೆಳೆದಿರುತ್ತೇವೆ. ಅಕ್ರಮ್ ಪೈಲ್ವಾನರ ತೋಳಿನ ಕಥೆಯನ್ನು ಅಪ್ಪನಿಗಿಂತ ಮೊದಲು ಅವಳಿಗೇ ಹೇಳಿ.

ಹಳಿಯಾಳದ ಅಣ್ಣ

ಎಲ್ಲರಿಗೂ ಕೈ ಮುಗಿಯುತ್ತೇನೆ. ಮೂರು ವಾರದ ನಂತರ ಬರೆಯುತ್ತಿದ್ದೇನೆ.

ಬೇರೆ ಜಿಮ್ ಸಿಕ್ಕಿತು. ಇಲ್ಲಿನ ಕೋಚ್ ಮೊದಲ ದಿನ ಕೇಳಿದ್ದು "ನಿನ್ನ ಕುಸ್ತಿ ತೋರಿಸು" ಅಂತ. ಅವಳು ಕೆಡವಿದ್ದನ್ನು ನೋಡಿ, ಅಲ್ಲಿದ್ದ ಹುಡುಗಿಯರಿಗೆ ಅದನ್ನು ಹೇಳಿಕೊಡು ಅಂದರು. ಆಮೇಲೆ ಅವರು ಇವಳಿಗೆ ಕುತ್ತಿಗೆ ಕಾಪಾಡಿಕೊಳ್ಳೋದನ್ನು ಹೇಳಿಕೊಟ್ಟರು. ಈಗಲೂ ದಿನಕ್ಕೆ ಏಳೆಂಟು ಸಲ ಟ್ಯಾಪ್ ಮಾಡುತ್ತಾಳೆ. ಆದರೆ ಬಸ್ಸಿನಲ್ಲಿ ಸುಮ್ಮನೆ ಕೂರುವುದಿಲ್ಲ. ಎಲ್ಲಿ ತಪ್ಪಿತು ಅಂತ ನನ್ನ ಕೈ ಹಿಡಿದು ತಿರುಚಿ ತೋರಿಸುತ್ತಾಳೆ, ಪಕ್ಕದವರು ನೋಡುತ್ತಾರೆ. ಅವಳಿಗೆ ಅದರ ಪರಿವೆಯಿಲ್ಲ.

ಹೋದ ಶನಿವಾರ ಅಪ್ಪ ಬಂದಿದ್ದರು. ಕ್ಲಾಸಿಗೆ ಕರೆದುಕೊಂಡು ಹೋದೆ. ಗೋಡೆಯ ಪಕ್ಕ ಕೈ ಕಟ್ಟಿಕೊಂಡು ನಿಂತವರು ಒಂದೂವರೆ ಗಂಟೆ ಅಲುಗಾಡಲಿಲ್ಲ. ತಂಗಿ ಒಂದು ಸಲ ಬೆನ್ನ ಮೇಲೆ ಬಿದ್ದಳು. ನಾನು ಅಪ್ಪನ ಮುಖ ನೋಡಿದೆ. ಅವರ ದವಡೆ ಬಿಗಿದಿತ್ತು. ಅವಳು ಸೊಂಟ ಎತ್ತಿ, ಪಕ್ಕಕ್ಕೆ ಜಾರಿ, ಎದುರಾಳಿಯ ಕಾಲು ಹಿಡಿದು ಮೇಲೆ ಬಂದಳು. ಕೊನೆಗೆ ಕಾಲು ಹಿಡಿದು ಕೆಡವಿದ್ದು ಅಪ್ಪ ಕಲಿಸಿದ ಪಟ್ಟಿನಿಂದಲೇ.

ರಾತ್ರಿ ಊಟ ಆದ ಮೇಲೆ ಅಕ್ರಮ್ ಕಥೆ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು. ಅವರ ಉಸ್ತಾದರು ಹೇಳಿದ್ದರಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಚಾಪೆ ಹಾಸು ಅಂದರು. ತಂಗಿಯನ್ನು ಎದುರಿಗೆ ಕೂರಿಸಿಕೊಂಡು, "ಆ ತೋಳಿನ ಲಾಕ್ ಬಿದ್ದಾಗ ಬಿಡಿಸಿಕೊಳ್ಳೋದು ಹೆಂಗ? ನಿಧಾನಕ್ಕೆ ತೋರಿಸು" ಅಂದರು. ಅವಳು ತೋರಿಸಿದಳು. ಇನ್ನೊಂದು ಸಲ ಅಂದರು. ನಾನು ಮಲಗಿದಾಗ ಹನ್ನೊಂದು ಗಂಟೆ, ಇಬ್ಬರೂ ಇನ್ನೂ ಚಾಪೆ ಮೇಲೇ ಇದ್ದರು.

ಅಕ್ಕಾ, ಒಂದು ಕೇಳಬೇಕಿತ್ತು. ಅವಳ ಎಡಗಿವಿ ಊದಿಕೊಂಡಿದೆ. ಡಾಕ್ಟರ್ ಹತ್ತಿರ ಹೋಗಿ ನೀರು ತೆಗೆಸಬೇಕಾ, ತಾನಾಗಿ ಇಳಿಯುತ್ತದಾ?

ಮ್ಯಾಟ್ ಅಕ್ಕ

ಇವತ್ತೇ ಕಿವಿ ಮೂಗು ಗಂಟಲು ಡಾಕ್ಟರ್ ಹತ್ತಿರ ಹೋಗಿ. ತಡ ಮಾಡಿದರೆ ಅಲ್ಲೇ ಗಟ್ಟಿಯಾಗಿ ಕಿವಿ ಮುದುಡಿಕೊಂಡು ಹಾಗೇ ಉಳಿಯುತ್ತದೆ. ಮನೆಯಲ್ಲಿ ಸೂಜಿ ಚುಚ್ಚಬೇಡಿ. ತೆಗೆಸಿದ ಮೇಲೆ ಬಿಗಿಯಾಗಿ ಕಟ್ಟಿಸಿಕೊಳ್ಳಿ, ವಾಸಿಯಾಗುವವರೆಗೆ ಮ್ಯಾಟ್ ಬೇಡ, ಆಮೇಲೆ ಕಿವಿಗೆ ಗಾರ್ಡ್ ಹಾಕಿಕೊಂಡೇ ಇಳಿಯಲಿ.